ಹೆಸರು ಬೇಡವೆಂದ ಆ ಗೆಳೆಯರಿಗೆ

ಹೆಸರು ಹಾಕಬೇಡಿ ಅಂದಿರಿ, ಹಾಕುವುದಿಲ್ಲ. ಆದರೆ ಧನ್ಯವಾದ ಹೇಳದೆ ಇರಲಾರೆ.

ನಾನೇ ಕಟ್ಟುತ್ತಿರುವ ವಿಮಾನದ ಮಜ್ದಾ 13ಬಿ ರೋಟರಿ ಎಂಜಿನ್ ಓಡಿಸಿದಾಗಲೆಲ್ಲ ಆಯಿಲ್ ವಿಪರೀತ ಕಾಯುತ್ತಿತ್ತು. ಆಯಿಲ್ ತಂಪಾಗಿಸುವ ಕೂಲರ್ ಇನ್ನೂ ದೊಡ್ಡದು ಬೇಕೆಂದು ಹಟ ಹಿಡಿದಿದ್ದೆ. ಈ ಎಂಜಿನ್‌ನಲ್ಲಿ ಪಿಸ್ಟನ್‌ಗಳ ಬದಲಿಗೆ ಸುತ್ತುವ ರೋಟರ್‌ಗಳ ಒಳಭಾಗವನ್ನು ತಂಪಾಗಿಸುವುದೇ ಆಯಿಲ್, ಹೊರಹಾಕಬೇಕಾದ ಶಾಖದ ಸುಮಾರು ಮೂರನೇ ಒಂದು ಪಾಲು ಅದರ ಹೆಗಲಿಗೇ ಬೀಳುತ್ತದೆ ಎಂದು ತಾಳ್ಮೆಯಿಂದ ತಿಳಿಸಿದಿರಿ. ಆಮೇಲೆ ಟಾರ್ಚ್ ಬೆಳಕು ಬಿಟ್ಟು ಕೂಲರ್ ಅಂಚಿನ ಸಂದುಗಳನ್ನು ತೋರಿಸಿದಿರಿ. ಗಾಳಿ ಕೂಲರ್‌ನ ಫಿನ್‌ಗಳ (ತೆಳು ಲೋಹದ ಪಟ್ಟಿಗಳ) ನಡುವೆ ಹಾಯದೆ ಪಕ್ಕದಿಂದ ಜಾರಿಹೋಗುತ್ತಿತ್ತು! ಸಂದು ಮುಚ್ಚಿ, ಕೂಲರ್‌ಗೆ ಗಾಳಿ ತರುವ ಡಕ್ಟ್ ಮೆಲ್ಲಗೆ ಅಗಲವಾಗುವಂತೆ ತಿದ್ದಿದೆವು. ಹಳೆಯ ಕೂಲರೇ ಸಾಕಾಯಿತು. ಅದುರುವ ಎಂಜಿನ್‌ಗೆ ಗಟ್ಟಿ ಪೈಪ್ ಬೇಡ, ಬಾಗುವ ಹೋಸ್ ಇರಲಿ ಎಂದು ಅದನ್ನೂ ನೀವೇ ಜೋಡಿಸಿಕೊಟ್ಟಿರಿ. ನಿಮ್ಮ ಎರಡು ಶನಿವಾರಗಳ ಋಣ ನನ್ನ ಮೇಲಿದೆ.