ಕೆಂಪು ದೀಪ ಹತ್ತಿದ ಮಾತ್ರಕ್ಕೆ ಗಿರಾಕಿ ಕಳ್ಳನಲ್ಲ: ಗೆಳೆಯನಿಗೊಂದು ಪತ್ರ

ಪ್ರಿಯ ಬಸು,

ಕೊಪ್ಪಳದ ನಿನ್ನ ಅಂಗಡಿಯಲ್ಲಿ ಎರಡು ಸೆಲ್ಫ್ ಚೆಕೌಟ್ ಯಂತ್ರ, ಅಂದರೆ ಗಿರಾಕಿ ತಾನೇ ಬಿಲ್ ಮಾಡಿಕೊಳ್ಳುವ ಯಂತ್ರ, ಇಡುವ ವಿಚಾರ ಕೇಳಿದ್ದಿ. ಮೇಲೊಂದು ಎಐ ಕ್ಯಾಮೆರಾ ಹಾಕಿಸಿದರೆ ಕಳ್ಳತನ ತಾನೇ ನಿಲ್ಲುತ್ತದೆ ಅಂತ ಮಾರುವವರು ಹೇಳಿದ್ದನ್ನೂ ಬರೆದಿದ್ದಿ. ಯಂತ್ರ ಬೇಡ ಅನ್ನುವುದಿಲ್ಲ. ಆದರೆ ರೊಕ್ಕ ಕೊಡುವ ಮೊದಲು ಇದನ್ನು ತಿಳಿದುಕೋ: ಕಳ್ಳತನ ಅಂದರೇನು ಅಂತ ಆ ಯಂತ್ರಕ್ಕೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ‘ತಾಳೆ ಆಗಲಿಲ್ಲ’ ಅನ್ನುವುದೊಂದೇ. ತಾಳೆ ತಪ್ಪುವ ಕಾರಣಗಳಲ್ಲಿ ಹಲವು ಅಂಗಡಿಯ ಕಡೆಯವೇ. ಮಂದಿಯ ಎದುರು ತಲೆ ತಗ್ಗಿಸುವ ಪಾಳಿ ಮಾತ್ರ ಗಿರಾಕಿಯದು. ನನಗೆ ಸಂಕಟ ಆಗುವುದು ಅಲ್ಲೇ.

ಮೊದಲು ತೂಕದ ಕೆಲಸ ನೋಡು. ಬಾರ್‌ಕೋಡ್ ಓದಿದ ಕೂಡಲೇ ಯಂತ್ರ ತನ್ನ ಪಟ್ಟಿಯಲ್ಲಿ ಆ ಸಾಮಾನಿನ ತೂಕ ಹುಡುಕುತ್ತದೆ. ಗಿರಾಕಿ ಸಾಮಾನನ್ನು ಚೀಲದ ತಟ್ಟೆ ಮೇಲಿಟ್ಟಾಗ, ಕೆಳಗಿರುವ ಲೋಡ್ ಸೆಲ್ ಎಷ್ಟು ಭಾರ ಏರಿತು ಅಂತ ಹೇಳುತ್ತದೆ. ಎರಡೂ ಕೂಡಿದರೆ ಮುಂದಿನ ಸಾಮಾನು, ಇಲ್ಲದಿದ್ದರೆ ಕೆಂಪು ದೀಪ. ಲೋಡ್ ಸೆಲ್ ಅಂದರೆ ಭಾರ ಬಿದ್ದಾಗ ಕಣ್ಣಿಗೆ ಕಾಣದಷ್ಟು ಬಾಗುವ ಲೋಹದ ತುಂಡು, ಆ ಬಾಗನ್ನು ಅಳೆಯಲು ಅದರ ಮೈಗೆ ಅಂಟಿಸಿದ ತೆಳು ಪಟ್ಟಿ. ಮೇಲಿನ ಫ್ಯಾನಿನ ಗಾಳಿ, ತಟ್ಟೆಗೆ ತಾಗಿದ ಮೊಣಕೈ, ಅಂಚು ಹಿಡಿದು ನಿಂತ ಮಗು, ಗಿರಾಕಿ ಅಲ್ಲೇ ಇಟ್ಟ ಪರ್ಸು, ಎಲ್ಲವೂ ಅದಕ್ಕೆ ಬಿಲ್ಲಿಲ್ಲದ ಸಾಮಾನು.

ಯಂತ್ರದ ಸಾಮಾನು ಪಟ್ಟಿಯಲ್ಲಿ ತೂಕ ಬರೆಯುವಾಗ ಪೊಟ್ಟಣದ ಮೇಲೆ ಅಚ್ಚಾದ ಅಂಕಿಯನ್ನು ಹಾಗೇ ಇಳಿಸಿಕೊಳ್ಳುತ್ತಾರಲ್ಲ, ಮೊದಲ ತಪ್ಪು ಅದು. ಅಚ್ಚಾದದ್ದು ಒಳಗಿನ ಸಾಮಾನಿನ ನಿವ್ವಳ ತೂಕ, ತಟ್ಟೆಗೆ ಬೀಳುವುದು ಡಬ್ಬಿ, ಕವರು ಸೇರಿದ ಭಾರ. ಮೇಲಾಗಿ 500 ಗ್ರಾಂನಿಂದ 1 ಕೆಜಿವರೆಗಿನ ಪೊಟ್ಟಣದಲ್ಲಿ 15 ಗ್ರಾಂವರೆಗೆ ವ್ಯತ್ಯಾಸವನ್ನು 2011ರ ಪೊಟ್ಟಣ ಸಾಮಗ್ರಿ ನಿಯಮಗಳೇ ಒಪ್ಪುತ್ತವೆ. ಎಷ್ಟು ವ್ಯತ್ಯಾಸವನ್ನು ಯಂತ್ರ ಸಹಿಸಬೇಕು ಅನ್ನುವ ಮಿತಿಯನ್ನು ನೀನು 5 ಗ್ರಾಂಗೆ ಇಟ್ಟರೆ ಕಾನೂನು ಒಪ್ಪಿದ ಪೊಟ್ಟಣವನ್ನೂ ನಿನ್ನ ಯಂತ್ರ ತಡೆಯುತ್ತದೆ. ಆದ್ದರಿಂದ ಒಂದೊಂದು ಸಾಮಾನಿನ ಹತ್ತು ಪೊಟ್ಟಣ ತೂಗಿಸು. ಅತಿ ಕಡಿಮೆ, ಅತಿ ಹೆಚ್ಚು ಎರಡನ್ನೂ ಬರೆದಿಡು, ಮಿತಿ ಆ ಎರಡರ ಆಚೀಚೆ ಇರಲಿ. ಕಂಪನಿ ಪ್ಯಾಕಿಂಗ್ ಬದಲಿಸಿದಾಗ, ‘ಶೇ. 20 ಹೆಚ್ಚು’ ಅಂತ ಆಫರ್ ಬಂದಾಗ ಮತ್ತೆ ತೂಗಬೇಕು. ಬಾರ್‌ಕೋಡ್ ಅದೇ ಇದ್ದು ತೂಕ ಬೇರೆ ಆದರೆ ಅವತ್ತು ಇಡೀ ದಿನ ಜಗಳ.

ಎಲ್ಲಕ್ಕಿಂತ ಹೆಚ್ಚು ತ್ರಾಸು ಕೊಡುವುದು ನಮ್ಮ ಕಡೆಯ ಮನೆ ತಯಾರಿಕೆ. ಸ್ವಸಹಾಯ ಸಂಘದವರು ಕೊಡುವ ಖಡಕ್ ರೊಟ್ಟಿ ಕಟ್ಟನ್ನೇ ತಗೋ. ಕಟ್ಟಿಗೆ ಹತ್ತು ರೊಟ್ಟಿ ಅನ್ನುವುದು ಲೆಕ್ಕ, ತೂಕ ಅಲ್ಲ. ಗವಿಮಠದ ಜಾತ್ರೆಗೆ ಊರೂರಿಂದ ಬರುವ ರೊಟ್ಟಿ ನೋಡಿದ್ದೀಯಲ್ಲ, ಒಬ್ಬರ ಕೈಯ ರೊಟ್ಟಿ ಇನ್ನೊಬ್ಬರ ಕೈಯದಕ್ಕೆ ಸಮ ತೂಗುತ್ತದೆಯೇ? ಒಂದು ಕಟ್ಟು 380 ಗ್ರಾಂ ಇದ್ದರೆ ಮತ್ತೊಂದು 440 ಇದ್ದೀತು. ಮಳೆಗಾಲದಲ್ಲಿ ಕವರು ಸರಿಯಾಗಿ ಮುಚ್ಚದಿದ್ದರೆ ತೇವ ಹಿಡಿದು ಇನ್ನಷ್ಟು ಭಾರ. ಮಿತಿಯನ್ನು 60 ಗ್ರಾಂಗೆ ಹಿಗ್ಗಿಸಿದರೆ ಆ ಸಂದಿನಲ್ಲಿ ಒಂದು ಸಣ್ಣ ಸೋಪು ಸದ್ದಿಲ್ಲದೆ ದಾಟುತ್ತದೆ. ಹಿಗ್ಗಿಸದಿದ್ದರೆ ರೊಟ್ಟಿ ಕೊಂಡ ಅವ್ವ ಕೆಂಪು ದೀಪದ ಕೆಳಗೆ ನಿಲ್ಲಬೇಕು. ಇಂಥದ್ದಕ್ಕೆ ತೂಕದ ತಪಾಸಣೆಯನ್ನೇ ತೆಗೆದುಬಿಡು. ಶೇಂಗಾ ಚಟ್ನಿ, ಗುರೆಳ್ಳು ಪುಡಿಯ ಕೈಕಟ್ಟಿನ ಪೊಟ್ಟಣಗಳಿಗೂ, ಕೊತ್ತಂಬರಿ ಸಿವುಡಿಗೂ, 5 ರೂಪಾಯಿಯ ಮಸಾಲೆ ಚೀಟಿಗೂ ಹಾಗೇ ಮಾಡು. ಅಷ್ಟು ಹಗುರದ್ದನ್ನು ಆ ತಟ್ಟೆ ನಂಬುವ ಹಾಗೆ ತೂಗುವುದಿಲ್ಲ.

ಗಂಗಾವತಿ ಸೋನಾ ಮಸೂರಿಯ 26 ಕೆಜಿ ಚೀಲದ ಮಾತು ಬೇರೆ. ಅದನ್ನು ತಟ್ಟೆ ಮೇಲೆ ಎತ್ತಿಡು ಅಂತ ವಯಸ್ಸಾದವರಿಗೆ ಹೇಳಲಾಗದು. ಗಾಡಿಯಲ್ಲಿದ್ದ ಹಾಗೇ ಕೈ ಸ್ಕ್ಯಾನರಿನಿಂದ ಓದಿಸಿ ‘ಚೀಲದಲ್ಲಿ ಇಡುವುದಿಲ್ಲ’ ಎಂಬ ಗುಂಡಿ ಒತ್ತುವ ಹಾಗಿರಲಿ. ಗಾಡಿಯ ತಳದಲ್ಲಿ ಉಳಿದ ಸಾಮಾನು ಬಿಲ್ ತಪ್ಪುವುದು ಎಲ್ಲ ಕಡೆ ಇದ್ದದ್ದೇ, ಬಹಳ ಸಲ ಮರೆವಿನಿಂದ. ಮನೆಯಿಂದ ತಂದ ಕೈಚೀಲಕ್ಕೂ ಮೊದಲ ಪರದೆಯಲ್ಲೇ ಒಂದು ಗುಂಡಿ ಬೇಕು. ಗಿರಾಕಿ ಚೀಲ ಇಟ್ಟ ಮೇಲೆ ತಟ್ಟೆ ಸೊನ್ನೆಗೆ ಬರಬೇಕು. ಬಟ್ಟೆ ಚೀಲ, ಗೋಣಿ ಚೀಲ ಎರಡನ್ನೂ ತೂಗಿ ನೋಡಿ ಅದರ ಮಿತಿ ಇಡು.

ಇನ್ನು ಕ್ಯಾಮೆರಾ. ಬುಟ್ಟಿಯಿಂದ ಚೀಲಕ್ಕೆ ಕೈ ಹೋಗುವುದನ್ನು ಮೇಲಿಂದ ನೋಡಿ, ಆ ಹೊತ್ತಿಗೆ ಸ್ಕ್ಯಾನ್ ಆಯಿತೇ ಅಂತ ಹೋಲಿಸುವುದು ಅದರ ಕೆಲಸ. ಎರಡು ಸಾಮಾನು ಒಟ್ಟಿಗೆ ಹಿಡಿದು ಒಂದನ್ನೇ ಓದಿಸಿದರೆ, ಬಾರ್‌ಕೋಡಿಗೆ ಅಂಗೈ ಅಡ್ಡ ಬಂದರೆ ಅದು ಹಿಡಿಯುತ್ತದೆ, ನಿಜ. ಆದರೆ ಬಾರ್‌ಕೋಡ್ ಎಲ್ಲಿದೆ ಅಂತ ಪೊಟ್ಟಣ ತಿರುಗಿಸುವವರು, ಮೊಬೈಲನ್ನು ಜೇಬಿಗೆ ಇಳಿಸುವವರು, ಮನೆಯಿಂದ ತಂದ ನೀರಿನ ಬಾಟಲಿ ಚೀಲಕ್ಕೆ ಹಾಕುವವರೂ ಅದರ ಕಣ್ಣಿಗೆ ಹಾಗೇ ಕಾಣುತ್ತಾರೆ.

ಒಂದು ಲೆಕ್ಕ ಹಾಕೋಣ. ದಿನಕ್ಕೆ 300 ಬಿಲ್, ಅದರಲ್ಲಿ 3ರಲ್ಲಿ ನಿಜವಾಗಿ ಸಾಮಾನು ತಪ್ಪಿದೆ ಅಂತ ಹಿಡಿ. ಯಂತ್ರ ಮೂರನ್ನೂ ಹಿಡಿಯಿತು ಅನ್ನು. ಉಳಿದ 297ರಲ್ಲಿ ನೂರಕ್ಕೆ ಐದು ಸಲ ತಪ್ಪಿದರೂ ಸುಮಾರು 15 ಸುಳ್ಳು ಕರೆ. ಒಟ್ಟು 18 ಸಲ ದೀಪ ಹತ್ತಿದರೆ 15 ಮಂದಿ ಏನೂ ಮಾಡದವರು. ಮಾರುವವರು ‘ಶೇ. 95 ನಿಖರ’ ಅಂದಾಗ ಈ ಲೆಕ್ಕವನ್ನು ಅವರ ಮುಂದಿಟ್ಟು, ದಿನಕ್ಕೆ ಎಷ್ಟು ಸುಳ್ಳು ಕರೆ ಅಂತ ಬರೆದುಕೊಡಲು ಕೇಳು.

ಆದ್ದರಿಂದ ಕ್ಯಾಮೆರಾದ ಎಚ್ಚರಿಕೆ ಗಿರಾಕಿಯ ಪರದೆಗೆ ಹೋಗಬಾರದು, ಸದ್ದೂ ಮಾಡಬಾರದು. ಯಂತ್ರದ ಹತ್ತಿರ ನಿಲ್ಲುವ ನಿನ್ನ ಕೆಲಸದ ಹುಡುಗಿಯ ಕೈಯ ಟ್ಯಾಬಿಗೆ ಹೋಗಲಿ. ಅವಳು ಹತ್ತಿರ ಹೋಗಿ ‘ಅಕ್ಕಾ, ಇದೊಂದು ಓದಿಲ್ಲ ಅನಸ್ತದ, ನಾ ಹಾಕಿ ಕೊಡ್ತೀನಿ’ ಅಂದರೆ ಮುಗಿಯಿತು. ಕೆಲವು ಕಂಪನಿಗಳ ಯಂತ್ರ ಗಿರಾಕಿಯ ವಿಡಿಯೋವನ್ನೇ ಪರದೆ ಮೇಲೆ ತಿರುಗಿ ತೋರಿಸುತ್ತದೆ. ಅದನ್ನು ಮೊದಲ ದಿನವೇ ಬಂದ್ ಮಾಡಿಸು. ಹಿಂದೆ ಸಾಲಿನಲ್ಲಿ ಅವರ ಓಣಿಯವರೇ ನಿಂತಿರುತ್ತಾರೆ. ಪರದೆಯ ಮಾತು ಕನ್ನಡದಲ್ಲಿರಲಿ, ತೆಲುಗು, ಉರ್ದು ಆಯ್ಕೆಯೂ ಇರಲಿ. ‘ಅನಧಿಕೃತ ವಸ್ತು’ ಅನ್ನುವ ಕಡೆ ‘ಸ್ವಲ್ಪ ತಾಳಿ, ನಮ್ಮವರು ಬರ್ತಾರೆ’ ಅಂತ ಬರೆಸು.

ಬಾಗಿಲಲ್ಲಿ ತಡೆದು ಚೀಲ ಜಾಲಾಡುವ ಅಭ್ಯಾಸವಂತೂ ಬೇಡ. ಅಪ್ರಾಮಾಣಿಕ ಉದ್ದೇಶ ಇಲ್ಲದೆ ಕಳ್ಳತನ ಆಗುವುದಿಲ್ಲ, ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮು ಅದನ್ನೇ ಹೇಳುತ್ತದೆ. ಕಾರಣವಿಲ್ಲದೆ ದಾರಿ ಕಟ್ಟಿದವರ ಮೇಲೇ 126ನೇ ಕಲಮು ಬಂದೀತು.

ಯುಪಿಐ ಬಗ್ಗೆ ನೀನು ಕೇಳಲಿಲ್ಲ, ಆದರೆ ಜಗಳ ಏಳುವುದು ಅಲ್ಲೂ. ಗಿರಾಕಿಯ ಖಾತೆಯಿಂದ ರೊಕ್ಕ ಹೋಗಿರುತ್ತದೆ, ಯಂತ್ರ ‘ಪೆಂಡಿಂಗ್’ ಅನ್ನುತ್ತದೆ, ಹೊರಗೆ ಹೋಗುವ ಗೇಟು ತೆರೆಯುವುದಿಲ್ಲ. ಗಿರಾಕಿಯ ಮೊಬೈಲಿನ 12 ಅಂಕಿಯ ವಹಿವಾಟು ಸಂಖ್ಯೆಯನ್ನು ನಿನ್ನ ವ್ಯಾಪಾರಿ ಆ್ಯಪಿನಲ್ಲಿ ಹುಡುಕಿ, ಸಿಕ್ಕರೆ ಗೇಟು ತೆರೆಯುವ ಅಧಿಕಾರ ಆ ಹುಡುಗಿಗೇ ಇರಲಿ. ಕರೆಂಟು ಹೋದರೆ ಗೇಟು ತೆರೆದೇ ನಿಲ್ಲುವ ಹಾಗೆ ಜೋಡಿಸಲು ಹೇಳು. ಯಂತ್ರಕ್ಕೆ, ರೂಟರಿಗೆ ಒಂದೇ ಯುಪಿಎಸ್ ಇರಲಿ, ಬಿಲ್ ನಡುವೆ ಒಂದು ಸತ್ತು ಇನ್ನೊಂದು ಉಳಿದರೆ ಗೊಂದಲ.

ತರಕಾರಿ ತೂಗಿ ಬೆಲೆ ಕಟ್ಟುವ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು, ವರ್ಷಕ್ಕೊಮ್ಮೆ ಹೊಸದಾಗಿ. ಚೀಲದ ತಟ್ಟೆ ಹೋಲಿಕೆಗಷ್ಟೇ, ಅದರ ಮೇಲೆ ಬೆಲೆ ಕಟ್ಟಬೇಡ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ತಟ್ಟೆ ಒರೆಸಿ, ಖಾಲಿ ಇದ್ದಾಗ ಸೊನ್ನೆ ತೋರಿಸುತ್ತದೆಯೇ ನೋಡಿ, 5 ಕೆಜಿ ತೂಕದ ಕಲ್ಲನ್ನು ನಾಲ್ಕೂ ಮೂಲೆಗೆ ಇಟ್ಟು ನೋಡಲಿ. ಒಂದು ಮೂಲೆ ಬೇರೆ ಹೇಳಿದರೆ ತಟ್ಟೆ ಕೆಳಗೆ ಏನೋ ಸಿಕ್ಕಿದೆ, ಹೆಚ್ಚಾಗಿ ಅಕ್ಕಿ ಕಾಳೋ ಬಿಲ್ ಚೂರೋ.

ಗಿರಾಕಿ ತಾನೇ ಬಿಲ್ ಮಾಡುವ ಈ ಪದ್ಧತಿ 1986ರಲ್ಲಿ ಅಮೆರಿಕದ ಅಟ್ಲಾಂಟಾ ಸಮೀಪದ ಕ್ರೋಗರ್ ಅಂಗಡಿಗೆ ಬಂದದ್ದು. ಇಷ್ಟು ವರ್ಷದ ಮೇಲೂ ಇಂಗ್ಲೆಂಡಿನ ಬೂತ್ಸ್ ಅಂಗಡಿಗಳು 2023ರಲ್ಲಿ ಹೆಚ್ಚಿನ ಕಡೆ ಇದನ್ನು ತೆಗೆದು ಮತ್ತೆ ಮನುಷ್ಯರನ್ನು ಕೂರಿಸಿದವು. ಅಮೆರಿಕದ ಟಾರ್ಗೆಟ್ 2024ರಲ್ಲಿ ಹೆಚ್ಚಿನ ಅಂಗಡಿಗಳಲ್ಲಿ 10 ಸಾಮಾನಿನ ಮಿತಿ ಹಾಕಿತು. ನೀನೂ ಹತ್ತಕ್ಕೇ ನಿಲ್ಲಿಸು. ತಿಂಗಳ ಕಿರಾಣಿ ಚೀಟಿ ಹಿಡಿದು ಬರುವವರು ಗಲ್ಲಾದ ಕಡೆಗೇ ಹೋಗಲಿ.

ಕ್ಯಾಮೆರಾದ ಮಾತು ಮೂರು ತಿಂಗಳು ತಡಿ. ಅಷ್ಟರಲ್ಲಿ ದೀಪ ಹತ್ತಿದಾಗಲೆಲ್ಲ ಹುಡುಗಿ ಒಂದು ನೋಟ್‌ಬುಕ್ಕಿನಲ್ಲಿ ಹೊತ್ತು, ಸಾಮಾನು, ಕಾರಣ ಬರೆಯಲಿ. ಸದ್ಯ ಬೆಲ್ಲ, ಸಕ್ಕರೆ, ಬೇಳೆ, ಈ ಮೂರರ ಹತ್ತತ್ತು ಪೊಟ್ಟಣ ತೂಗಿ ಅಂಕಿ ಕಳಿಸು. ಮಿತಿ ಎಷ್ಟಿಡಬೇಕು, ಯಾವುದಕ್ಕೆ ತೆಗೆಯಬೇಕು ಅಂತ ಕೂಡಿ ನೋಡೋಣ.

ನಿನ್ನ ಗೆಳೆಯ