ಗುಳಿಗೆ ಪಾಕೀಟಿಗೆ ಸೂರ್ಯ, ಚಂದ್ರ ಸಾಕು

ಮಾನ್ಯರೇ,

ನಮ್ಮ ಅವ್ವನಿಗೆ ಓದು ಬರುವುದಿಲ್ಲ. ಹೋದ ವಾರ ಇಲ್ಲಿನ ಆಸ್ಪತ್ರೆಯೊಂದರಲ್ಲಿ ಕೊಟ್ಟ ಗುಳಿಗೆ ಪಾಕೀಟಿನ ಮೇಲೆ ‘1-0-1’ ಎಂದಷ್ಟೇ ಇತ್ತು; ಅಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು. ಅವ್ವ ಮಧ್ಯಾಹ್ನವೂ ನುಂಗಿದ್ದಳು. ನಾನು ಪೆನ್ನು ತಗೊಂಡು ಅದರ ಮೇಲೆ ಒಂದು ಸೂರ್ಯ, ಒಂದು ಚಂದ್ರ, ಪಕ್ಕದಲ್ಲಿ ಊಟದ ಗುರುತಿಗೆ ಒಂದು ರೊಟ್ಟಿ ಬರೆದೆ. ಆಮೇಲೆ ತಪ್ಪಿಲ್ಲ. ‘ಚಂದ್ರ ಎರಡಾದವಲ್ಲೋ’ ಎಂದು ರೊಟ್ಟಿ ನೋಡಿ ನಕ್ಕಳು, ಅದು ಬೇರೆ ಮಾತು.

ಚಿತ್ರದಲ್ಲಿ ಹೇಳುವುದು ನಮಗೇನು ಹೊಸದಲ್ಲ. ಸನ್ನತಿ ಹತ್ತಿರದ ಕನಗನಹಳ್ಳಿ ಸ್ತೂಪದಲ್ಲಿ ಬುದ್ಧನ ಕತೆಗಳನ್ನು ಕಲ್ಲಿನಲ್ಲೇ ಕೆತ್ತಿ ತೋರಿಸಿದ್ದಾರೆ. 1951–52ರ ಮೊದಲ ಚುನಾವಣೆಯಲ್ಲೂ ಓದು ಬಾರದವರು ಚಿಹ್ನೆ ನೋಡಿಯೇ ಮತ ಹಾಕಿದರು. ಕನ್ನಡ, ಉರ್ದು, ತೆಲುಗು, ಮರಾಠಿ ಎಲ್ಲ ಕೇಳಿಸುವ ಈ ಊರಲ್ಲಿ ಆಸ್ಪತ್ರೆಗಳು ಇಂಥ ಮೂರು ಸೀಲು ಮಾಡಿಸಿದರೆ ಜಾಸ್ತಿ ಖರ್ಚೇನೂ ಆಗಲ್ಲ, ಅಲ್ವಾ?

— ಒಬ್ಬ ಓದುಗ, ಕಲಬುರಗಿ