ಮಗಳಿಗೊಂದು ಪತ್ರ: 599 ಮೀಟರ್ ಒತ್ತುವರಿ

ಕಲಬುರಗಿ,
ಗುರುವಾರ ರಾತ್ರಿ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ನಿಮ್ಮವ್ವ ಶೇಂಗಾ ಹಿಂಡಿ ಕುಟ್ಟಿ ಸ್ಟೀಲ್ ಡಬ್ಬಿಗೆ ತುಂಬಿಟ್ಟಿದ್ದಾಳೆ. ಪಕ್ಕದ ಮನೆಯವರು ನಾಳೆ ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತೇನೆ. ಈ ಪತ್ರವೂ ಅದೇ ಚೀಲದಲ್ಲಿರುತ್ತದೆ. ಮೊಬೈಲಿನಲ್ಲಿಯೇ ಹೇಳಿ ಮುಗಿಸಬಹುದಾದ ಮಾತು. ಭಾನುವಾರ ನೀನು ಕರೆ ಮಾಡಿದಾಗ ಹೇಳಲೆಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಬೆಂಗಳೂರಿನಲ್ಲಿ ಮಳೆ ಹೇಗಿದೆ ಎಂದು ಕೇಳಿ ಸುಮ್ಮನಾದೆ.

ಮೊದಲ ಸಲ ಓಡಿ 5 ಕಿಲೋಮೀಟರನ್ನು 24 ನಿಮಿಷ 50 ಸೆಕೆಂಡಿನಲ್ಲಿ ಮುಗಿಸಿದವಳು ಕುಣಿದಾಡಬೇಕು. ನೀನೋ, "ಇನ್ನೂ ನಿನಗಿಂತ ಎರಡು ನಿಮಿಷ ಹತ್ತು ಸೆಕೆಂಡು ಹಿಂದೆ ಇದ್ದೇನೆ ಅಪ್ಪಾ" ಎಂದೆ. ಅಷ್ಟು ಸಾಲದೆಂಬಂತೆ, ಬೆಳಿಗ್ಗೆ ಇನ್ನೂ ಅರ್ಧ ಗಂಟೆ ಮುಂಚೆ ಎದ್ದು ಅಭ್ಯಾಸ ಮಾಡುತ್ತೇನೆಂದು ಬೇರೆ ಹೇಳಿದೆ. ಅದಕ್ಕೇ ಈ ಪತ್ರ.

ಪಡಸಾಲೆಯ ಗೋಡೆಯ ಮೇಲೆ, ಶರಣಬಸವೇಶ್ವರರ ಫೋಟೊದ ಪಕ್ಕದಲ್ಲಿ ನನ್ನ ಪದಕ ತೂಗುತ್ತಿದೆಯಲ್ಲ, ಅದರ ಕೆಳಗೆ ನೀನು ಐದನೇ ತರಗತಿಯಲ್ಲಿದ್ದಾಗ ಹಸಿರು ಸ್ಕೆಚ್ ಪೆನ್ನಿನಿಂದ ಬರೆದು ಅಂಟಿಸಿದ ಚೀಟಿ ಇದೆ: "ಅಪ್ಪ, 5 ಕಿ.ಮೀ., 22:40". ಬಂದವರಿಗೆಲ್ಲ ತೋರಿಸಿದ್ದೀಯ. ನಾನೂ ತೋರಿಸಿದ್ದೇನೆ. ಆ ಚೀಟಿಯಲ್ಲಿ 22:40 ಎಂಬುದು ನಿಜ. 5 ಕಿ.ಮೀ. ಎಂಬುದು ಸುಳ್ಳು.

ಅದು 2014ರ ನವೆಂಬರ್ 1. ಸರಕಾರದ ಲೆಕ್ಕದಲ್ಲಿ ಗುಲ್ಬರ್ಗಾ ಕಲಬುರಗಿಯಾದ ದಿನ. ಬೆಂಗಳೂರು, ಮೈಸೂರು, ಬೆಳಗಾವಿ ಎಲ್ಲ ಸೇರಿ 12 ಊರುಗಳ ಹೆಸರು ಒಟ್ಟಿಗೇ ಬದಲಾಯಿತು. ಪದಕವನ್ನು ಮೊದಲೇ ಅಚ್ಚು ಹಾಕಿಸಿದ್ದರಿಂದ ಅದರ ಮೇಲೆ 'ಗುಲ್ಬರ್ಗಾ' ಎಂದೇ ಉಳಿದಿದೆ. ಹೀಗೆ ನಮ್ಮ ಮನೆಯ ಗೋಡೆಯ ಮೇಲೆ ಊರಿನ ಹೆಸರೂ ಹಳೆಯದು, ದೂರವೂ ತಪ್ಪು.

ಆಗ ನನಗೆ 41 ವರ್ಷ. ಭೂಮಾಪಕನ ಕೆಲಸವೆಂದರೆ ಹೊಲದಿಂದ ಹೊಲಕ್ಕೆ ನಡೆಯುವುದೇ ಆಗಿತ್ತು. ಸರಪಳಿ ಹೋಗಿ ಯಂತ್ರ ಬಂದ ಮೇಲೆ ಒಂದು ಕಡೆ ನಿಂತೇ ಅಳೆಯುವಂತಾಯಿತು, ಹೊಟ್ಟೆ ಬಂತು. ರಕ್ತದಲ್ಲಿ ಸಕ್ಕರೆ ಗಡಿಯ ಕಲ್ಲನ್ನು ಮುಟ್ಟಿದೆ ಎಂದು ವೈದ್ಯರು ಹೇಳಿದ ಮೇಲೆ ಅಪ್ಪನ ಕೆರೆಯ ಸುತ್ತ ಓಡಲು ಶುರು ಮಾಡಿದೆ. ಮೊದಲ ವಾರ ನನ್ನನ್ನು ದಾಟಿ ನಡೆದು ಹೋದ ಅಜ್ಜಂದಿರ ಲೆಕ್ಕ ಇಟ್ಟಿಲ್ಲ.

ರಾಜ್ಯೋತ್ಸವದ ಆ ಓಟ ಅಂಧ ಮಕ್ಕಳ ಸಹಾಯಾರ್ಥ ಎಂದು ಇಟ್ಟುಕೊಂಡದ್ದು. ಯಾರು ನಡೆಸಿದರು ಎನ್ನುವುದು ಬೇಡ, ಒಳ್ಳೆಯ ಮನಸ್ಸಿನವರೇ. ಶುಲ್ಕ ಮುನ್ನೂರು ರೂಪಾಯಿ. ಅದಕ್ಕೆ ಒಂದು ಅಂಗಿ, ಎದೆಗೆ ಚುಚ್ಚಿಕೊಳ್ಳಲು ಒಂದು ನಂಬರು, ಕೊನೆಯಲ್ಲಿ ಒಂದು ತಟ್ಟೆ ಸುಸಲಾ ಮತ್ತು ಮಿರ್ಚಿ ಭಜಿ. ಅಂಗಿ ನನ್ನ ಎರಡರಷ್ಟು ಅಗಲವಿತ್ತು. ನಿಮ್ಮವ್ವ ಅದನ್ನು ಹಂಚು ಒರೆಸುವ ಬಟ್ಟೆ ಮಾಡಿಕೊಂಡು ನಾಲ್ಕು ವರ್ಷ ಬಳಸಿದಳು. ಬೆಳಿಗ್ಗೆ ಆರೂವರೆಗೆ ಓಟ ಎಂದಿದ್ದರು. ಅತಿಥಿಗಳು ದಾರಿಯಲ್ಲಿದ್ದಾರೆ, ದಾರಿಯಲ್ಲಿದ್ದಾರೆ ಎಂದು ಮೈಕಿನಲ್ಲಿ ಹೇಳುತ್ತಲೇ ಏಳೂವರೆಯಾಯಿತು. ನಮ್ಮ ಊರಿನ ಬಿಸಿಲಿಗೆ ಅತಿಥಿಗಳ ಮುಲಾಜಿಲ್ಲ. ಅದೇ ಓಟ ಏಪ್ರಿಲಿನಲ್ಲಿ ಇದ್ದಿದ್ದರೆ ಅರ್ಧ ಜನ ಭಾಷಣದಲ್ಲಿಯೇ ಮಲಗಿಬಿಡುತ್ತಿದ್ದರು.

ಜಗತ್ ವೃತ್ತದಿಂದ ಹೊರಟು ಪಟೇಲ್ ವೃತ್ತ ದಾಟಿ ಮುಂದೆ ಹೋಗಿ, ಎರಡೂವರೆ ಕಿಲೋಮೀಟರಿನ ಗುರುತಿನಲ್ಲಿ ತಿರುಗಿ, ಅದೇ ದಾರಿಯಲ್ಲಿ ವಾಪಸು ಬರುವುದು ಎಂದು ಗೊತ್ತುಮಾಡಿದ್ದರು. ಆದರೆ ತಡವಾಯಿತಲ್ಲ, ಭುವನೇಶ್ವರಿಯ ಮೆರವಣಿಗೆ ಬರುವುದರೊಳಗೆ ರಸ್ತೆ ಖಾಲಿ ಮಾಡಬೇಕಿತ್ತು. ಯಾರೋ ತಿರುವಿನ ಡಾಂಬರು ಡ್ರಮ್ಮನ್ನು ಈಚೆಗೆ ಉರುಳಿಸಿಕೊಂಡು ಬಂದು, ಬಾಗಿಲು ಹಾಕಿದ್ದ ಕಬ್ಬಿನ ಹಾಲಿನ ಅಂಗಡಿಯ ಮುಂದೆ ನಿಲ್ಲಿಸಿದರು. ನಾನು ಡ್ರಮ್ಮಿಗೆ ಸುತ್ತು ಹಾಕುವಾಗಲೇ ಮನಸ್ಸಿಗೆ ಅನುಮಾನ ತಟ್ಟಿತು. ಇಪ್ಪತ್ತು ವರ್ಷ ನೆಲ ಅಳೆದವನ ಕಾಲಿಗೆ ಅಷ್ಟು ಗೊತ್ತಾಗದೇ? ಆದರೂ ಕೊನೆಗೆ ಮೇಷ್ಟರೊಬ್ಬರು ಸ್ಟಾಪ್‌ವಾಚ್ ನೋಡಿ "ಇಪ್ಪತ್ತೆರಡು ನಲವತ್ತು" ಎಂದು ನೋಟುಪುಸ್ತಕದಲ್ಲಿ ಬರೆದುಕೊಂಡಾಗ, ಅನುಮಾನವನ್ನು ಮಿರ್ಚಿ ಭಜಿಯ ಜೊತೆ ನುಂಗಿದೆ. ನಲವತ್ತು ದಾಟಿದವರಲ್ಲಿ ಮೂರನೇ ಸ್ಥಾನ. ಒಟ್ಟು ಏಳು ಜನ ಇದ್ದೆವು ಎನ್ನುವುದನ್ನು ಮನೆಯಲ್ಲಿ ಹೇಳಿದ್ದೆನೋ ಇಲ್ಲವೋ ನೆನಪಿಲ್ಲ.

ಮರುದಿನ ಭಾನುವಾರ. ಈಗ ನಿನಗೆ ನೆನಪಾಗುತ್ತದೆಯೋ ನೋಡು. ಬೆಳಕು ಹರಿಯುವ ಮುಂಚೆ ನಿನ್ನನ್ನು ಎಬ್ಬಿಸಿ, ನಿನ್ನ ಚಿಕ್ಕ ಸೈಕಲ್ಲನ್ನು ಮನೆಯ ಮುಂದೆ ಇಳಿಸಿ, ಮುಂದಿನ ಗಾಲಿಯ ಒಂದು ಕಡ್ಡಿಗೆ ಕೆಂಪು ದಾರ ಕಟ್ಟಿದೆ. ರಸ್ತೆಯ ಮೇಲೆ ನನ್ನ ಉಕ್ಕಿನ ಟೇಪು ಹಾಸಿ ಸೈಕಲ್ ತಳ್ಳಿದೆ. 30 ಮೀಟರಿಗೆ ಗಾಲಿ ಸರಿಯಾಗಿ 20 ಸುತ್ತು. ಅಂದರೆ ಸುತ್ತಿಗೆ ಒಂದೂವರೆ ಮೀಟರ್. ಆಮೇಲೆ ಜಗತ್ ವೃತ್ತಕ್ಕೆ ಹೋಗಿ, ನಾನು ಸೈಕಲ್ ತಳ್ಳುವುದು, ದಾರ ಕೆಳಗೆ ಬಂದಾಗಲೆಲ್ಲ ನೀನು ಎಣಿಸುವುದು. ನೂರು ಸುತ್ತಿಗೊಮ್ಮೆ ಬಲಗಡೆಯ ಕಿಸೆಯಿಂದ ಎಡಗಡೆಯ ಕಿಸೆಗೆ ಒಂದು ಶೇಂಗಾ ಹಾಕಬೇಕು. ಕಬ್ಬಿನ ಹಾಲಿನ ಅಂಗಡಿ ಮುಟ್ಟಿ ಎಡಗಡೆಯ ಕಿಸೆ ನೋಡಿದರೆ ಒಂಬತ್ತೇ ಶೇಂಗಾ. ಉಳಿದದ್ದನ್ನು ನೀನು ತಿಂದಿದ್ದೆ! ಬೈಯಲಿಲ್ಲ, ನನ್ನದೇ ತಪ್ಪು. ವಾಪಸು ಬರುವಾಗ ಹುಣಸೆ ಬೀಜ ಕೊಟ್ಟೆ. 14 ಬೀಜ, ಮೇಲೆ 67 ಸುತ್ತು. 2,200 ಮೀಟರ್ 50 ಸೆಂಟಿಮೀಟರ್. ಎರಡು ಪಟ್ಟು ಮಾಡಿದರೆ 4,401 ಮೀಟರ್.

ಯಾಕೆ ಎಣಿಸುತ್ತಿದ್ದೇವೆಂದು ನೀನು ಕೇಳಿದೆ. ಆಟ ಎಂದೆ. ಮನೆಗೆ ಬಂದು ಸ್ನಾನ ಮಾಡಿ ಹೊರಗೆ ಬರುವಷ್ಟರಲ್ಲಿ ಗೋಡೆಯ ಮೇಲೆ ಹಸಿರು ಚೀಟಿ ಅಂಟಿಸಿಯಾಗಿತ್ತು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅರ್ಧ ಗುಂಟೆಗೆ ಅಣ್ಣತಮ್ಮಂದಿರು ಮಾತು ಬಿಡುವುದನ್ನು ನೋಡಿದ್ದೇನೆ. ಹೊಲದ ಗಡಿ ಗುರುತಿಸುವ ಹದ್ದುಬಸ್ತಿಗೆ ಹೋದಾಗ ಗಡಿಯ ಬಾಂದು ಕಲ್ಲನ್ನು ರಾತ್ರಿ ಕಿತ್ತು ಎರಡು ಅಡಿ ಆಚೆ ನೆಟ್ಟವರನ್ನು ಮುಖದ ಮೇಲೆಯೇ ಬೈದಿದ್ದೇನೆ. ಅಂಥವನು 599 ಮೀಟರ್ ಒತ್ತುವರಿ ಮಾಡಿಕೊಂಡು ಹನ್ನೊಂದು ವರ್ಷ ಕುಳಿತಿದ್ದೆ. 33 ಅಡಿಯ ಹಳೆಯ ಸರಪಳಿಯ ಲೆಕ್ಕದಲ್ಲಿ ಅರವತ್ತು ಸರಪಳಿಗೆ ಸ್ವಲ್ಪವೇ ಕಡಿಮೆ.

ಆಮೇಲೆ ಓದಿ ತಿಳಿದುಕೊಂಡೆ, ಪ್ರಮಾಣೀಕರಿಸಿದ ರಸ್ತೆ ಓಟಗಳ ದೂರವನ್ನೂ ಸೈಕಲ್ಲಿನಿಂದಲೇ ಅಳೆಯುತ್ತಾರಂತೆ. ಮುಂದಿನ ಗಾಲಿಗೆ ಜೋನ್ಸ್ ಕೌಂಟರ್ ಎಂಬ ಎಣಿಕೆಯ ಯಂತ್ರ ಕಟ್ಟುತ್ತಾರೆ. ಮೊದಲು ಉಕ್ಕಿನ ಟೇಪಿನಿಂದ ಅಳೆದ ನೇರ ದಾರಿಯಲ್ಲಿ ಸೈಕಲ್ ಓಡಿಸಿ ಗಾಲಿಯ ಲೆಕ್ಕ ಹಿಡಿಯುತ್ತಾರೆ. ಥೇಟ್ ನಾವು ಮಾಡಿದ ಹಾಗೆಯೇ, ಶೇಂಗಾ ಒಂದಿಲ್ಲ. ತಿರುವುಗಳಲ್ಲಿ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು, ಓಡುವವನು ಹಿಡಿಯಬಹುದಾದ ಅತಿ ಹತ್ತಿರದ ದಾರಿಯಲ್ಲಿ ಅಳೆಯುತ್ತಾರೆ. ಅಷ್ಟಾದ ಮೇಲೆ ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚು ಸೇರಿಸುತ್ತಾರೆ. ಅಳತೆಯಲ್ಲಿ ತಪ್ಪಾದರೂ ದೂರ ಕಡಿಮೆಯಾಗಬಾರದು ಎಂದು. ಇದನ್ನು ಓದಿದ ದಿನ ನನಗೆ ಊಟ ರುಚಿಸಲಿಲ್ಲ.

ಈಗ ನಿನ್ನ ಲೆಕ್ಕ ಮಾಡೋಣ. 4,401 ಮೀಟರಿಗೆ 22:40 ಆದರೆ ಅದೇ ವೇಗದಲ್ಲಿ 5 ಕಿಲೋಮೀಟರಿಗೆ 25 ನಿಮಿಷ 45 ಸೆಕೆಂಡು. ಕೊನೆಯಲ್ಲಿ ನಾನು ಏದುಸಿರು ಬಿಡುತ್ತಿದ್ದದ್ದನ್ನು ನೋಡಿದವರು ಅದಕ್ಕಿಂತ ಹೆಚ್ಚೇ ಎನ್ನುತ್ತಾರೆ. ನಿನ್ನ ನಂಬರಿನ ಹಿಂದೆ ಚಿಪ್ ಇತ್ತು. ನೀನು ಆರಂಭದ ಚಾಪೆ ತುಳಿದ ಕ್ಷಣದಿಂದ ಕೊನೆಯ ಚಾಪೆ ತುಳಿಯುವವರೆಗಿನ ಸಮಯ ಅದು, ಮೇಷ್ಟರ ಹೆಬ್ಬೆರಳಿನ ಲೆಕ್ಕವಲ್ಲ. ನೀನು ಮೊದಲ ಓಟದಲ್ಲಿಯೇ ನನ್ನನ್ನು 55 ಸೆಕೆಂಡಿನಿಂದ ಸೋಲಿಸಿದ್ದೀಯ ತಾಯಿ. ಅರ್ಧ ಗಂಟೆ ಹೆಚ್ಚು ಮಲಗು.

ಆ ಓಟವಾದ ಮೇಲೆ ಎಷ್ಟೋ ಓಡಿದೆ. ಅಕ್ಟೋಬರ್ 31ರ ಏಕತಾ ಓಟ, ಜನವರಿ 26ರದ್ದು, ಸೆಪ್ಟೆಂಬರ್ 17ರ ವಿಮೋಚನೆಯ ದಿನದ್ದು, ರಕ್ತದಾನಕ್ಕೆ, ಕಣ್ಣಿಗೆ, ಮೂತ್ರಪಿಂಡಕ್ಕೆ. ಒಂದೊಂದು ಅಂಗಕ್ಕೂ ಒಂದೊಂದು ಅಂಗಿ ಇದೆ ಮನೆಯಲ್ಲಿ. 22:40ರ ಹತ್ತಿರಕ್ಕೆ ಒಮ್ಮೆಯೂ ಬರಲಿಲ್ಲ. ವಯಸ್ಸಾಯಿತು ಅಪ್ಪಾ ಎಂದು ನೀನು ಸಮಾಧಾನ ಹೇಳುತ್ತಿದ್ದೆ, ನಾನು ತಲೆಯಾಡಿಸುತ್ತಿದ್ದೆ.

ಅವುಗಳಲ್ಲಿ ಬೀದರಿನ ಓಟವೊಂದನ್ನು ಹೇಳಲೇಬೇಕು. ಜನವರಿಯ ಚಳಿ. ನಮಗಿಂತ ಎತ್ತರದ ಊರು, ಬೆರಳು ಮರಗಟ್ಟಿದ್ದವು. ಮಹಮೂದ್ ಗವಾನ್ ಮದರಸಾದ ಮುಂದೆ ಹಾದು, ಕೋಟೆಯ ಕಡೆಗೆ ದಾರಿ. ಮೊದಲ ಕಿಲೋಮೀಟರನ್ನು ಹುಡುಗರ ಜೊತೆ ಹುಚ್ಚನಂತೆ ಓಡಿ, ಪಕ್ಕೆ ಹಿಡಿದುಕೊಂಡು ಹಿಂದೆ ಬಿದ್ದೆ. ಕಟ್ಟಕಡೆಯವನ ಬೆನ್ನಿಗೆ ಆಂಬುಲೆನ್ಸ್ ನಡೆಯುವ ವೇಗದಲ್ಲಿ ಬರುತ್ತಿರುತ್ತದೆ, ಅದರ ಎಂಜಿನ್ನಿನ ಗುರುಗುರು ಕೇಳುವಷ್ಟು ಹಿಂದೆ. ನನ್ನ ಮುಂದೆ ಇಬ್ಬರು ಹುಡುಗರು. ಒಬ್ಬನಿಗೆ ಕಣ್ಣು ಕಾಣುತ್ತಿರಲಿಲ್ಲ. ಇಬ್ಬರೂ ಗೇಣುದ್ದದ ಒಂದು ಬಟ್ಟೆಯ ಪಟ್ಟಿಯ ಎರಡು ತುದಿ ಹಿಡಿದಿದ್ದರು, ಕೈಗಳು ಒಂದೇ ತಾಳದಲ್ಲಿ ಬೀಸುತ್ತಿದ್ದವು. ಕಣ್ಣಿದ್ದವನು ಬಿಡದೆ ಹೇಳುತ್ತಿದ್ದ: "ಎಡಕ್ಕೆ ತಗ್ಗು... ಮುಂದೆ ಉಬ್ಬು... ಸಗಣಿ ಇದೆ, ಬಲಕ್ಕೆ." ನಾನು ಅವರ ಹಿಂದೆಯೇ ಹಿಡಿದುಕೊಂಡು ಹೋದೆ. ಬೆವರು ಇಳಿದು ನನಗೂ ಕಣ್ಣು ಮಂಜಾಗಿತ್ತು. ಆ ಹುಡುಗನ ಮಾತು ಕೇಳಿಯೇ ನಾನು ಒಂದು ತಗ್ಗಿಗೂ ಬೀಳದೆ ಮುಗಿಸಿದ್ದು. ಕೊನೆಗೆ ಕುರುಡ ಹುಡುಗ ನನ್ನ ಕಡೆಗೆ ತಿರುಗಿ, "ಕಾಕಾ, ಇಷ್ಟು ಹೊತ್ತು ನಮ್ಮ ಹಿಂದೆ ಉಬ್ಬಸ ಬಿಡುತ್ತಿದ್ದವರು ನೀವೇನಾ?" ಎಂದ. ಎಷ್ಟು ಹೊತ್ತಿಗೆ ಮುಗಿಸಿದೆನೆಂದು ಆ ದಿನ ಗಡಿಯಾರ ನೋಡಿಕೊಳ್ಳಲು ಮರೆತೆ.

ಗಡಿಯಾರ, ಬಹುಮಾನ, ಶುಲ್ಕ ಯಾವುದೂ ಇಲ್ಲದ ಓಟವೂ ಒಂದಿದೆ. ಕೆನಡಾದ ಟೆರಿ ಫಾಕ್ಸ್ ಎಂಬ ಹುಡುಗ ಕ್ಯಾನ್ಸರಿನಿಂದ ಒಂದು ಕಾಲು ಕಳೆದುಕೊಂಡು, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲೆಂದು 1980ರಲ್ಲಿ ಕೃತಕ ಕಾಲಿನಲ್ಲಿ ದೇಶವನ್ನು ಅಡ್ಡಕ್ಕೆ ದಾಟಲು ಹೊರಟ. 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ. ರೋಗ ಶ್ವಾಸಕೋಶಕ್ಕೆ ಹರಡಿತ್ತು, ಅಲ್ಲಿಗೆ ನಿಲ್ಲಿಸಿದ. ಮರುವರ್ಷದಿಂದ ಅವನ ಹೆಸರಿನ ಓಟ ನಡೆಯುತ್ತಿದೆ, ಬಂದವರು ಕೈಲಾದಷ್ಟು ಕೊಟ್ಟು ಓಡುತ್ತಾರೆ, ನಡೆಯುತ್ತಾರೆ. ನಮ್ಮಲ್ಲಿ ಬ್ಯಾನರಿಗೂ ಹಾರಕ್ಕೂ ಹೋಗಿ ಮಕ್ಕಳ ಪಾಲಿಗೆ ಎಷ್ಟು ಉಳಿಯುತ್ತದೋ ಎಂದು ನಾನು ಪ್ರತಿ ಸಲ ಗೊಣಗುತ್ತೇನೆ. ಮುಂದಿನ ಸಲ ಮತ್ತೆ ಹಣ ಕಟ್ಟಿ ನಂಬರು ಚುಚ್ಚಿಕೊಳ್ಳುತ್ತೇನೆ.

ನಿಮ್ಮವ್ವನಿಗೆ ನಿನ್ನೆ ರಾತ್ರಿ ಎಲ್ಲ ಹೇಳಿದೆ. ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡಳು. "ಅವತ್ತು ಮಗುವನ್ನು ಚಹಾ ಕೂಡ ಕುಡಿಸದೆ ಎಬ್ಬಿಸಿಕೊಂಡು ಹೋದದ್ದು ಇದಕ್ಕೇನಾ?" ಎಂದಳು, ಅಷ್ಟೇ.

ಚೀಟಿಯನ್ನು ನಾನು ಮುಟ್ಟಿಲ್ಲ. ನೀನು ಬರೆದದ್ದು, ದೀಪಾವಳಿಗೆ ಬಂದಾಗ ನೀನೇ ತಿದ್ದು. ಹಸಿರು ಸ್ಕೆಚ್ ಪೆನ್ ಒಣಗಿಹೋಗಿದೆ, ಬರುವಾಗ ಒಂದು ತೆಗೆದುಕೊಂಡು ಬಾ. ಶೇಂಗಾ ಹಿಂಡಿ ಮುಗಿದ ಮೇಲೆ ಡಬ್ಬಿಯನ್ನು ಅಲ್ಲಿ ಯಾರಿಗಾದರೂ ಕೊಟ್ಟುಬಿಟ್ಟೀಯೆ, ಜೋಪಾನ. ಅದು ಆ ದಿನದ ಮೂರನೇ ಬಹುಮಾನ. ದೂರ ಎಷ್ಟೇ ಇರಲಿ, ಏಳು ಜನರಲ್ಲಿ ನಾಲ್ವರು ನನ್ನ ಹಿಂದೆ ಬಂದದ್ದಂತೂ ನಿಜ.

ಇಂತಿ,
ನಿನ್ನ ಅಪ್ಪ